ಹೆಡ್ ಮೇಡಂ ಹಾಸಿಗೆ

೯ ಜೂನ್

ಗುಬ್ಬೀ,

ನಿನ್ನ ಮಾವ ಬರೆಯುವುದು. ನಾನು ಚೆನ್ನಾಗಿದ್ದೇನೆ. ನಾನು ಚೆನ್ನಾಗಿರುವುದನ್ನು ಸಹಿಸಿಕೊಂಡು ನಿನ್ನ ಅತ್ತೆಯೂ ಚೆನ್ನಾಗಿದ್ದಾಳೆ.

ದಿನವೆಲ್ಲ ಆಫೀಸಿನಲ್ಲಿ ಕೂತು ಯಾರ್ಯಾರದೋ ಅಂಗಡಿಗಳ ಪೇಜು ನೋಡಿಕೊಳ್ಳುತ್ತೇನೆ, ಸಂಜೆ ಫೋನು ಕಂಡರೆ ಮೈ ಉರಿಯುತ್ತದೆ, ಹೇಳುವುದಿದ್ದರೆ ಕಾಗದ ಬರೆಯಿರಿ ಎಂದು ಹೋದ ಸಲ ಬಂದಾಗ ನೀನು ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಓದಿದವನ ಅಕ್ಷರ ಹೇಗಿದೆ ನೋಡು. ಇನ್‌ಸ್ಪೆಕ್ಟರು ಬಂದಾಗಲೆಲ್ಲ ನಮ್ಮ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನೇ ತೋರಿಸುತ್ತಿದ್ದರು. ಉಳಿದವರ ಪುಸ್ತಕಗಳನ್ನು ನಾನು ಹಿಂದಿನ ದಿನವೇ ಅಟ್ಟದ ಮೇಲೆ ಎಸೆದಿರುತ್ತಿದ್ದೆ ಎಂಬುದು ಬೇರೆ ಮಾತು.

ಈಗ ವಿಷಯ. ನಮ್ಮ ಅಂಗಡಿಯ ಎದುರಿಗೇ ಫೋಮ್ ಹಾಸಿಗೆಯ ಶೋರೂಮು ತೆರೆದಿದ್ದಾರೆ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಜನ ಚಪ್ಪಲಿ ಹಾಕಿಕೊಂಡೇ ಹಾಸಿಗೆಯ ಮೇಲೆ ಉರುಳಿ ನೋಡುತ್ತಾರೆ. ಅದರ ಮ್ಯಾನೇಜರು ಸದಾ ಟೈ ಕಟ್ಟಿಕೊಂಡಿರುತ್ತಾನೆ, ಹಾಗಾಗಿ ಅವನಿಗೆ ನಾನು ಟೈ ಎಂದೇ ಹೆಸರಿಟ್ಟಿದ್ದೇನೆ. ಮೊನ್ನೆ ಟೈ ನಮ್ಮ ಅಂಗಡಿಗೆ ಬಂದು, ಹತ್ತಿಯ ರಾಶಿಯ ಮೇಲೆ ಅಂಜಿ ಅಂಜಿ ಕೂತು ಹೇಳಿದ: "ಅಂಕಲ್, ಹಾಸಿಗೆ ವಿಷಯದಲ್ಲಿ ನಿಮ್ಮಷ್ಟು ತಿಳಿದವರು ಯಾರೂ ಇಲ್ಲ. ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಂದ್ಬಿಡಿ. ಕೂತ್ಕೊಂಡು ಮಾಡೋ ಕೆಲಸ. ಹೊಸ ವರ್ಷದಿಂದ ಸೇರ್ಕೊಳ್ಳಿ."

ಅಲ್ಲಿ ಕೆಲಸ ಮಾಡುವವರೆಲ್ಲ ಹಳದಿ ಟೋಪಿ ಹಾಕಬೇಕು. ಅದರ ಮೇಲೆ ಮಲಗಿದ ಕುರಿಯ ಚಿತ್ರ. ನಿನ್ನ ತಾತ ಹತ್ತಿ ಹಿಂಜಿದ ಅಂಗಡಿಯನ್ನು ಮುಚ್ಚಿ ನಾನು ತಲೆಯ ಮೇಲೆ ಕುರಿ ಹೊತ್ತುಕೊಂಡು ಕೂರಬೇಕಂತೆ.

ನಿನ್ನ ಅತ್ತೆ ಬೈಯುತ್ತಾಳೆ ಎಂದುಕೊಂಡೆ. ಅವಳು ಸೂಜಿಯಿಂದ ಕಣ್ಣು ಎತ್ತದೆ, "ವರ್ಷ ಮುಗಿಯೋ ತನಕ ನೋಡೋಣ. ಕೆಲಸ ಬರದೇ ಹೋದ್ರೆ ಟೋಪಿ ಅಳತೆ ಕೊಟ್ಟು ಬನ್ನಿ. ನಿಮ್ಮ ತಲೆ ಸ್ವಲ್ಪ ದೊಡ್ಡದು ಅಂತ ಹೇಳಿ" ಎಂದಳು.

ಅದಕ್ಕೇ ನಾನೂ ಪೇಜು ತೆರೆದಿದ್ದೇನೆ. ಹೆಸರು 'ಹಾಸಿಗೆ ರಾಜ'. ಕಪ್ಪು ಕನ್ನಡಕ ಹಾಕಿಕೊಂಡು ಹಾಸಿಗೆಗಳ ರಾಶಿಯ ಮೇಲೆ ಕೆನ್ನೆಗೆ ಕೈಕೊಟ್ಟು ಮಲಗಿರುವ ನನ್ನ ಫೋಟೋ ಹಾಕಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರಿಗೂ ಹೂವಿನ ಚಿತ್ರದ ಶುಭೋದಯ. ಮಧ್ಯಾಹ್ನ ನನ್ನ ಫೋಟೋ. ಸಂಜೆ ಮತ್ತೆ ನನ್ನ ಫೋಟೋ, ಇನ್ನೊಂದು ಮಗ್ಗುಲಿನಿಂದ. ಯಾವ ಯಾವ ಗ್ರೂಪಿನಲ್ಲಿ ಇದ್ದೇನೋ ಎಲ್ಲದರಲ್ಲೂ ಜಾಹೀರಾತು ಹಾಕಿದೆ: "ನಮ್ಮ ಹಾಸಿಗೆಯಲ್ಲಿ ಒಮ್ಮೆ ಮಲಗಿದರೆ ಮತ್ತೆ ಏಳುವ ಮನಸ್ಸೇ ಬರುವುದಿಲ್ಲ." ಅವುಗಳಲ್ಲಿ ಒಂದು ಗ್ರೂಪಿನಲ್ಲಿ ನಮ್ಮ ಬೀದಿಯ ಬಡಗಿಯ ತಂದೆ ತೀರಿಕೊಂಡ ಸುದ್ದಿ ಆಗಷ್ಟೇ ಬಂದಿತ್ತಂತೆ. ಅದರ ಕೆಳಗೇ ನನ್ನದು. ಬಡಗಿ ಈಗ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ಸಲಹೆ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನ ವಿದ್ಯೆ ಎಲ್ಲಿಯವರೆಗೆ ಬಂದಿದೆ ನೋಡೋಣ ಎಂದು ಪರೀಕ್ಷೆ ಮಾಡುತ್ತಿದ್ದೇನೆ.

ನಿನ್ನ ರಾಜ ಮಾವ


೨೧ ಜೂನ್

ಪ್ರೀತಿಯ ಮಾವ,

ಕಾಗದವನ್ನು ಆಫೀಸಿನಲ್ಲಿ ಓದಿ ತಪ್ಪು ಮಾಡಿದೆ. ನಗು ತಡೆಯಲಾರದೆ ಎದ್ದು ಹೊರಗೆ ಹೋದೆ. ಮೊದಲು ಬಡಗಿ ಅಂಕಲ್ ಮನೆಗೆ ಹೋಗಿ ಬನ್ನಿ. ಬರಿಗೈಯಲ್ಲಿ ಹೋಗಿ, ಫೋನು ಮನೆಯಲ್ಲಿಟ್ಟು.

ಆಮೇಲೆ ಶುಭೋದಯ ನಿಲ್ಲಿಸಿ. ನಿಮ್ಮ ಮುಖ ಚೆನ್ನಾಗಿದೆ ಮಾವ, ಆದರೆ ಜನ ಮುಖದ ಮೇಲೆ ಮಲಗುವುದಿಲ್ಲ. ಕೈ ತೋರಿಸಿ. ಕಲ್ಲಿನ ಹಾಗೆ ಗಂಟುಗಟ್ಟಿದ ಹತ್ತಿ ನಿಮ್ಮ ಕೈಯಲ್ಲಿ ಮೋಡದ ಹಾಗೆ ಆಗುವುದನ್ನು ನಾನು ಚಿಕ್ಕವಳಿದ್ದಾಗ ಬಾಯಿ ಬಿಟ್ಟುಕೊಂಡು ನೋಡುತ್ತಿರಲಿಲ್ಲವೇ? ಅಷ್ಟನ್ನೇ ತೋರಿಸಿ. ಹಿಂಜುವ ಯಂತ್ರದ ಸದ್ದು ಸಾಕು, ಮಾತು ಬೇಡ. (ಇದು ನಿಮಗೆ ಕಷ್ಟ ಎಂದು ಗೊತ್ತು.) ಅತ್ತೆ ದಬ್ಬಳಕ್ಕೆ ದಾರ ಪೋಣಿಸುವುದನ್ನು ಹತ್ತಿರದಿಂದ ತೆಗೆಯಿರಿ. ಅಂಗಡಿ ಎಲ್ಲಿದೆ, ಯಾವಾಗ ತೆರೆದಿರುತ್ತದೆ ಎಂದು ಪೇಜಿನ ಮೇಲ್ಗಡೆಯೇ ಬರೆದಿರಬೇಕು. ಎರಡು ಮೂರು ದಿನಕ್ಕೊಂದು ಸಾಕು. ಯಾರಾದರೂ ಏನಾದರೂ ಕೇಳಿದರೆ ಅವತ್ತೇ ಉತ್ತರ ಕೊಡಿ. ಕೇಳಿದ್ದಕ್ಕೆ ಮಾತ್ರ ಉತ್ತರ. ನಿಮ್ಮ ಕಾಪಿ ಪುಸ್ತಕದ ಕಥೆ ಬೇಡ.

ಎಷ್ಟು ಜನ ನೋಡಿದರು ಎಂದು ಎಣಿಸುತ್ತಾ ಕೂರಬೇಡಿ. ನಾನು ಇಡೀ ದಿನ ಮಾಡುವುದು ಅದನ್ನೇ, ಅದರಿಂದ ನಿದ್ದೆ ಬರುವುದಿಲ್ಲ. ನಿಮಗೆ ಲಕ್ಷ ಜನ ಬೇಕಾಗಿಲ್ಲ. ಹಾಸಿಗೆ ಹೊತ್ತುಕೊಂಡು ನಡೆದು ಬರುವಷ್ಟು ಹತ್ತಿರ ಇರುವವರು ನೋಡಿದರೆ ಸಾಕು.

ನಾನು ಇಲ್ಲಿ ಮಲಗುವ ಹಾಸಿಗೆಯ ಬಗ್ಗೆ ಮಾತ್ರ ಕೇಳಬೇಡಿ.

ಅತ್ತೆಗೆ ನನ್ನ ಅಪ್ಪುಗೆ.

ಗುಬ್ಬಿ


೧೬ ಜುಲೈ

ಗುಬ್ಬೀ,

ಪರೀಕ್ಷೆಯಲ್ಲಿ ಪಾಸಾಗಿದ್ದೀಯ. ನಾನೂ ಹೀಗೇ ಮಾಡಬೇಕು ಎಂದುಕೊಂಡಿದ್ದೆ, ನೀನು ಮೊದಲು ಬರೆದುಬಿಟ್ಟೆ.

ಬಡಗಿಯ ಮನೆಗೆ ಹೋಗಿ ಬಂದೆ. ಬಾಗಿಲಲ್ಲಿ ನಿಂತು ಏನು ಹೇಳುವುದೆಂದು ತಿಳಿಯದೆ, "ನಿಮ್ಮಪ್ಪ ನನಗೆ ಈಜು ಕಲಿಸಿದ್ರು" ಎಂದೆ. "ನಿನ್ನನ್ನ ನೀರಿಗೆ ತಳ್ಳಿದ್ರು, ಅದನ್ನ ಈಜು ಕಲಿಸೋದು ಅಂತೀಯಾ" ಎಂದು ಒಳಗೆ ಕರೆದ.

ಹತ್ತಿ ಹಿಂಜುವ ವಿಡಿಯೋ ಹಾಕಿದ ವಾರದಲ್ಲೇ ಆಸ್ಪತ್ರೆ ಬೀದಿಯ ನರ್ಸಮ್ಮ ಎರಡು ದಿಂಬು ತಂದಳು. ಕ್ಷೌರಿಕನ ತಾಯಿಯ ಹಾಸಿಗೆ ಬಂತು. ಬೇಕರಿಯವನು ಹಗಲು ಮಲಗುವವನು, ಬೆಳಕಿಗೆ ನಿದ್ದೆ ಬರುವುದಿಲ್ಲ ಎಂದು ಕಣ್ಣಿನ ಮೇಲಿಡುವ ಪುಟ್ಟ ದಿಂಬು ಕೇಳಿದ. ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. "ಅದರಲ್ಲಿ ನಾನು ಹೆಸರುವಾಸಿ" ಎಂದು ಹೇಳಿ ಮಾಡಿಕೊಟ್ಟೆ.

ನಿನ್ನ ಅತ್ತೆಯ ವಿಷಯ ಕೇಳು. ದಬ್ಬಳಕ್ಕೆ ದಾರ ಒಂದೇ ಸಲಕ್ಕೆ ಪೋಣಿಸಿದ್ದನ್ನು ಹಾಕಿದೆ. ಯಾರೋ ಕೆಳಗೆ, "ಎಂಥಾ ಕೈ" ಎಂದು ಬರೆದರು. ಆವತ್ತಿನಿಂದ ವಿಡಿಯೋ ಎಂದರೆ ಸಾಕು, ಹೋಗಿ ಸೋಪು ಹಾಕಿ ಕೈ ತೊಳೆದು ಬರುತ್ತಾಳೆ. "ಏನ್ರೀ, ಬೆಳಕು ಈ ಕಡೆಯಿಂದ ಬರ್ಲಿ" ಎಂದು ನನಗೇ ಹೇಳುತ್ತಾಳೆ. ಮೂವತ್ತು ವರ್ಷದಿಂದ ಆ ಕೈಯನ್ನು ನಾನು ನೋಡುತ್ತಿದ್ದೇನೆ. ಹಾಗೆ ಬರೆಯಬೇಕೆಂದು ನನಗೆ ತೋಚಲೇ ಇಲ್ಲ.

ಆದರೆ ಗುಬ್ಬೀ, ಎಷ್ಟು ದಿನ ಬಾಯಿ ಮುಚ್ಚಿಕೊಂಡು ಕೈ ಆಡಿಸಲಿ? ಹತ್ತಿಯನ್ನು ಯಂತ್ರವೂ ಹಿಂಜುತ್ತದೆ. ನನ್ನ ನಿಜವಾದ ವಿದ್ಯೆ ತಲೆಯಲ್ಲಿದೆ. ಹಾಸಿಗೆ ನೋಡಿದರೆ ಮಲಗಿದವರ ಜಾತಕ ಹೇಳುತ್ತೇನೆ. ಯಾವ ಮಗ್ಗುಲಿಗೆ ಮಲಗುತ್ತಾರೆ, ಸೊಂಟ ನೋವಿದೆಯಾ, ಯೋಚನೆ ಮಾಡಿ ಹೊರಳಾಡುತ್ತಾರಾ, ಹಾಸಿಗೆಯಲ್ಲಿ ಕೂತು ತಿಂಡಿ ತಿನ್ನುತ್ತಾರಾ, ಎಲ್ಲಾ. ಈ ವಿದ್ಯೆ ಟೈಗೆ ಬರುತ್ತದೆಯೇ? ಇದನ್ನು ತೋರಿಸಿದರೆ ಜಗತ್ತೇ ಬಾಯಿ ಬಿಡಬೇಕು.

ಇವತ್ತು ತಾನೇ ಹೆಡ್ ಮೇಡಂ ಮನೆಯ ಹಾಸಿಗೆ ಬಂದಿದೆ. ನಿನಗೆ ಮಗ್ಗಿ ಹೇಳಿಕೊಟ್ಟವರು, ಕಣ್ಣಲ್ಲೇ ಮೂರು ತರಗತಿಗಳನ್ನು ಸುಮ್ಮನಾಗಿಸುತ್ತಿದ್ದರಲ್ಲ, ಅವರೇ. ನಿವೃತ್ತರಾಗಿ ವರ್ಷಗಳಾದರೂ ಅವರು ಎದುರಿಗೆ ಬಂದರೆ ನಾನು ಈಗಲೂ ಅಂಗಿಯ ಗುಂಡಿ ನೋಡಿಕೊಳ್ಳುತ್ತೇನೆ. ಅವರ ಯಜಮಾನರು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದ ಸಾಧು ಮನುಷ್ಯ ಅಂಚೆ ಸಾರ್, ಹಾಸಿಗೆಯ ಒಂದು ತುದಿ ಹಿಡಿದುಕೊಂಡು ಹಿಂದೆಯೇ ಬಂದಿದ್ದರು.

ನೋಡುತ್ತಿರು.

ರಾಜ ಮಾವ


೨೭ ಜುಲೈ

ಗುಬ್ಬೀ,

ಕೂತಿದ್ದೀಯಾ? ಕೂತುಕೋ. ಒಂದು ಲಕ್ಷ ದಾಟಿತು.

ಏನಾಯಿತು ಹೇಳುತ್ತೇನೆ. ಹೆಡ್ ಮೇಡಂ ಹಾಸಿಗೆಯನ್ನು ಹಲಗೆಯ ಮೇಲೆ ಹಾಸಿ, ಬಂದ ಹಾಗೇ ಇಟ್ಟು, ಫೋನು ನಿಲ್ಲಿಸಿ ಮಾತಾಡಿದೆ. ಯಾರದೆಂದು ಹೇಳಲಿಲ್ಲ, ನಾನೇನು ದಡ್ಡನೇ. "ನೋಡಿ ಸ್ವಾಮಿ, ಈ ಕಡೆ ಬಾವಿ ತೋಡಿದ ಹಾಗೆ ತಗ್ಗು. ಆ ಕಡೆ ಕೈ ಇಡಿ, ಮೊನ್ನೆ ತುಂಬಿದ ಹಾಗೆ ಉಬ್ಬಿದೆ. ಏನು ಅರ್ಥ? ಮಾಡಿಸಿದ್ದು ಇಬ್ಬರಿಗೆ, ಮಲಗಿದ್ದು ಒಬ್ಬರೇ. ಇಬ್ಬರ ಹಾಸಿಗೆ, ಒಬ್ಬರ ನಿದ್ದೆ." ಇಷ್ಟು ಹೇಳಿ ಆ ಉಬ್ಬಿದ ಕಡೆಯನ್ನು ಮೆಲ್ಲಗೆ ಸವರಿದೆ.

ಯಾರೋ ಅದಕ್ಕೆ ಪಿಟೀಲಿನ ಸಂಗೀತ ಹಾಕಿ ಶೇರ್ ಮಾಡಿದರು. ಎಲ್ಲೆಲ್ಲಿಂದಲೋ ಅಳುವ ಮುಖದ ಚಿತ್ರಗಳು ಬರುತ್ತಿವೆ. ಹೆಸರೇ ಕೇಳದ ಊರಿನವಳೊಬ್ಬಳು, "ಅಣ್ಣಾ, ನನ್ನ ಬದುಕನ್ನೇ ಹೇಳಿದಿರಿ" ಎಂದು ಬರೆದಿದ್ದಾಳೆ. ಟೈ ಕೂಡ ಗಾಜಿನ ಬಾಗಿಲು ತೆರೆದು ಬಂದು ಕೈ ಕುಲುಕಿದ.

ನಿನ್ನ ಅತ್ತೆ ಮಾತ್ರ ಒಮ್ಮೆ ನೋಡಿ ಫೋನನ್ನು ಬೋರಲು ಇಟ್ಟಳು. ಹೊಟ್ಟೆಕಿಚ್ಚು ಇರಬೇಕು, ಕೈಗೆ ಇಷ್ಟು ಲೈಕು ಬಂದಿರಲಿಲ್ಲ.

ನಿನ್ನ ಆಫೀಸಿನವರಿಗೆ ತೋರಿಸು. ನನ್ನ ಮಾವ ಎಂದು ಹೇಳು.

ರಾಜಾಧಿರಾಜ ಮಾವ


೨ ಆಗಸ್ಟ್

ಮಾವ,

ತೋರಿಸಲಿಲ್ಲ. ಒಂದೇ ಒಂದು ಪ್ರಶ್ನೆ. ಹಾಕುವ ಮೊದಲು ಹೆಡ್ ಮೇಡಂ ಅವರನ್ನು ಕೇಳಿದಿರಾ?

ಆ ಹಾಸಿಗೆಯ ಮೂಲೆಯಲ್ಲಿ ನೀಲಿ ತೇಪೆ ಇದೆ. ಅದು ನಮ್ಮ ಶಾಲೆಯ ಪರದೆಯ ಬಟ್ಟೆ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅಲ್ಲಿ ಓದಿದ ಎಲ್ಲರಿಗೂ ಗೊತ್ತಾಗುತ್ತದೆ.

ದಯವಿಟ್ಟು ಈಗಲೇ ತೆಗೆಯಿರಿ. ಕ್ಷಮೆ ಕೇಳುವ ವಿಡಿಯೋ ಮಾತ್ರ ಮಾಡಬೇಡಿ. ಮನೆಗೆ ಹೋಗಿ.

ಗುಬ್ಬಿ


೧೮ ಸೆಪ್ಟೆಂಬರ್

ಗುಬ್ಬೀ,

ಇಷ್ಟು ದಿನ ಬರೆಯಲಿಲ್ಲ. ಪೆನ್ನು ಸಿಗಲಿಲ್ಲ ಎಂದು ಹೇಳಬಹುದಿತ್ತು, ನೀನು ನಂಬುವುದಿಲ್ಲ.

ನಿನ್ನ ಕಾಗದ ಕೈಗೆ ಬರುವ ಹೊತ್ತಿಗೆ, "ಈ ತೇಪೆ ನಮ್ಮ ಶಾಲೆ ಪರದೆ ಅಲ್ವಾ" ಎಂದು ಯಾರೋ ಕೆಳಗೆ ಬರೆದಾಗಿತ್ತು. ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ. ತೆಗೆದುಹಾಕಿದೆ, ಆದರೆ ನಾನು ತೆಗೆದದ್ದು ನನ್ನಲ್ಲಿದ್ದದ್ದನ್ನು. ಬೇರೆಯವರ ಫೋನಿನಲ್ಲಿ ಅದು ಇನ್ನೂ ಓಡಾಡುತ್ತಿದೆ, ಪಿಟೀಲು ಸಮೇತ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಬರೆಯುತ್ತೇನೆ. ನಮ್ಮ ಕಸುಬಿನಲ್ಲಿ ಹಳೆಯ ಹಾಸಿಗೆ ಬಂದರೆ ಮೊದಲು ಬಾಗಿಲು ಅರ್ಧ ಎಳೆಯುತ್ತೇವೆ. ಆಮೇಲೆ ಅದನ್ನು ಬೋರಲು ಹಾಕಿ ಕೋಲಿನಿಂದ ಬಡಿಯುತ್ತೇವೆ. ಧೂಳು ಹೋಗಲಿ ಎಂದು ಬಡಿಯುತ್ತೇವೆ ಎಂದೇ ಎಲ್ಲರೂ ತಿಳಿದಿದ್ದಾರೆ. ಮೈಯ ಗುರುತು ಹೋಗಲಿ ಎಂದು ಬಡಿಯುವುದು. ತಗ್ಗು ಉಬ್ಬು ಎಲ್ಲಾ ಅಳಿಸಿ, ಯಾರದೂ ಅಲ್ಲದ ಹಾಸಿಗೆ ಮಾಡಿ, ಆಮೇಲೆ ಹೊಲಿಗೆ ಬಿಚ್ಚಬೇಕು. ನಿನ್ನ ತಾತ ನನಗೆ ಹತ್ತಿ ಮುಟ್ಟಲು ಬಿಡುವ ಮೊದಲು ಕೋಲು ಕೊಟ್ಟಿದ್ದರು. ಹೆಡ್ ಮೇಡಂ ಹಾಸಿಗೆ ಬಂದ ದಿನ ನಾನು ಬಡಿಯಲಿಲ್ಲ. ಬಡಿದರೆ ತೋರಿಸಲು ಏನೂ ಉಳಿಯುತ್ತಿರಲಿಲ್ಲವಲ್ಲ.

ನಿನ್ನ ಅತ್ತೆ ಆ ಕೋಲನ್ನು ಮೂಲೆಯಿಂದ ತಂದು ನಾನು ಕೂರುವ ಜಾಗದಲ್ಲಿ ಅಡ್ಡ ಇಟ್ಟಳು. ಕೋಲು ಪಕ್ಕಕ್ಕಿಟ್ಟು ಕೂರುವಷ್ಟು ಧೈರ್ಯ ನನಗೆ ಬರಲಿಲ್ಲ. ನಾಲ್ಕು ದಿನ ನಿಂತೇ ಕೆಲಸ ಮಾಡಿದೆ.

ಕೆಲಸ ಎಂದರೆ ಏನಿದೆ. ನರ್ಸಮ್ಮ ಬಂದು, "ಅರ್ಜೆಂಟು ಬೇಕಿತ್ತು" ಎಂದು ಬಿಚ್ಚಿದ ದಿಂಬನ್ನೇ ಚೀಲದಲ್ಲಿ ತುಂಬಿಕೊಂಡು ಹೋದಳು. ಕ್ಷೌರಿಕ ತಾಯಿಯ ಹಾಸಿಗೆಯನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾ, "ಅಣ್ಣ, ನಮ್ಮ ಮನೆ ವಿಷಯ ನಮ್ಮ ಮನೇಲೇ ಇರ್ಲಿ" ಎಂದ. ದಿನವೂ ಜಗತ್ತಿನ ಮನೆಗಳ ವಿಷಯವನ್ನೆಲ್ಲ ಕತ್ತರಿ ಆಡಿಸುತ್ತಾ ಹೇಳುವವನು ಅವನು. ಆದರೂ ನಾನು ತಲೆ ತಗ್ಗಿಸಿದೆ. ಪೇಜಿನಲ್ಲಿ ಫಾಲೋವರ್‌ಗಳು ದಿನಾ ಏರುತ್ತಿದ್ದಾರೆ. ಅಂಗಡಿಗೆ ಇರುವೆ ಕೂಡ ಬರುತ್ತಿಲ್ಲ. ನೀನು ಮೊದಲನೇ ಕಾಗದದಲ್ಲೇ ಬರೆದಿದ್ದೆ, ಹತ್ತಿರದವರು ಸಾಕು ಎಂದು.

ಹೆಡ್ ಮೇಡಂ ಮನೆಗೆ ಹೋದೆ. ಬಾಗಿಲು ತೆರೆದವರು ಅವರೇ. ಬೈದಿದ್ದರೆ ಚೆನ್ನಾಗಿತ್ತು. "ಹಾಸಿಗೆ ನೀವೇ ಇಟ್ಕೊಳ್ಳಿ" ಎಂದು ಬಾಗಿಲು ಹಾಕಿದರು. ಮೆಲ್ಲಗೆ ಹಾಕಿದರು, ಅದೇ ಕಷ್ಟವಾಯಿತು. ನನಗೆ ಬಹುವಚನ ಉಪಯೋಗಿಸಿದ್ದು ಅದೇ ಮೊದಲ ಸಲ.

ಟೈ ಮತ್ತೆ ಬಂದಿದ್ದ. ಟೋಪಿಯ ಅಳತೆ ಕೊಟ್ಟಿದ್ದೇನೆ.

ಮಾವ


೯ ಅಕ್ಟೋಬರ್

ಗುಬ್ಬೀ,

ಇದನ್ನು ಓದಿ ಹರಿದುಹಾಕು. ಬಾಯಿ ಬಿಡದೆ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಅಭ್ಯಾಸವಿಲ್ಲ, ನಿನಗೊಬ್ಬಳಿಗೆ ಹೇಳದಿದ್ದರೆ ಒಡೆದುಹೋಗುತ್ತೇನೆ. ನಿನ್ನ ಅತ್ತೆಗೂ ಗೊತ್ತು, ಅವಳು ಅಲ್ಲೇ ಇದ್ದಳು.

ನಿನ್ನೆ ಮಧ್ಯಾಹ್ನ ಅಂಚೆ ಸಾರ್ ಬಂದರು. ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿ ಒಳಗೆ ಬಂದು, ತಾವೇ ಬಾಗಿಲು ಅರ್ಧ ಎಳೆದರು. ಹತ್ತಿಯ ರಾಶಿಯ ಪಕ್ಕ ಕೂತರು. ಆಮೇಲೆ, "ನನಗೆ ಮಂಚ ಕೊಟ್ಟಿದ್ದಾರೆ ಕಣಪ್ಪ" ಎಂದರು.

"ಯಾರು ಸಾರ್?"

"ಪಕ್ಕದ ಮನೆಯವರು. ಮಡಚೋ ಮಂಚ. ವಯಸ್ಸಾದವರು ನೆಲದ ಮೇಲೆ ಮಲಗಬಾರದು ಅಂತ. ನಾನೆಲ್ಲಿ ನೆಲದ ಮೇಲೆ ಮಲಗಿದ್ದೆ? ಕ್ಷೌರದ ಅಂಗಡಿಗೆ ಹೋದ್ರೆ ಎಲ್ಲರೂ ಎದ್ದು ಜಾಗ ಬಿಡ್ತಾರೆ. ನನ್ನ ಹಳೇ ಸಹೋದ್ಯೋಗಿ ಒಬ್ಬ, ಬೇಜಾರಾದ್ರೆ ನಮ್ಮ ಮನೇಲಿ ಬಂದು ಮಲಗಿ ಅಂತಾನೆ. ಇವಳನ್ನ ನೋಡಿದ್ರೆ ಹೆಂಗಸರು ಗುಸುಗುಸು. ಮಾರ್ಕೆಟ್ಟಿಗೆ ಹೋಗೋದೇ ಬಿಟ್ಟಿದ್ದಾಳೆ."

"ತಪ್ಪಾಯ್ತು ಸಾರ್. ಒಬ್ಬರ ಮನೆ ನೋವನ್ನ ನಾನು..."

"ಯಾವ ನೋವು?" ಎಂದರು ಅಂಚೆ ಸಾರ್. ಅವರ ಕಿವಿ ಕೆಂಪಗಾಯಿತು. "ಆ ತಗ್ಗು ಒಬ್ಬರದ್ದಲ್ಲಪ್ಪ. ಇಬ್ಬರದ್ದೂ."

ನನಗೆ ಅರ್ಥವಾಗಲಿಲ್ಲ. ಅವರು ಹತ್ತಿಯ ಕಡೆ ತಿರುಗಿದರು. ಆಮೇಲೆ ಹತ್ತಿಗೆ ಹೇಳುವ ಹಾಗೆ ಹೇಳಿದರು: "ಮದುವೆಯಾದಾಗ ಇದ್ದದ್ದು ಬಾಡಿಗೆ ಕೋಣೆ, ಇಷ್ಟೇ ಇಷ್ಟು ಅಗಲದ ಮಂಚ. ಅಂಟಿಕೊಂಡೇ ಮಲಗಬೇಕಿತ್ತು. ಆಮೇಲೆ ಮನೆ ದೊಡ್ಡದಾಯ್ತು, ಹಾಸಿಗೆ ದೊಡ್ಡದಾಯ್ತು. ನಮಗೆ ಅಭ್ಯಾಸ ತಪ್ಪಲಿಲ್ಲ. ಆ ಕಡೆ ದಿನಪತ್ರಿಕೆ ಇಡ್ತೀವಿ. ಇದನ್ನ ಯಾರಿಗೆ ಅಂತ ಹೇಳೋಣ? ಮೂರು ತಲೆಮಾರಿನ ಮಕ್ಕಳು ಹೆದರಿಕೊಂಡಿದ್ದ ಹೆಂಗಸು. ಹೇಳಿದ್ರೆ ಈಗಿರೋ ಮಾತಿಗಿಂತ ಅದೇ ದೊಡ್ಡ ಸುದ್ದಿ ಆಗಲ್ವಾ?"

ನಿನ್ನ ಅತ್ತೆ ಯಂತ್ರದ ಹಿಂದೆ ಕೂತಿದ್ದವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ವಾಪಸು ಬಂದಾಗ ಕಣ್ಣು ಒದ್ದೆಯಾಗಿತ್ತು. "ಜಾತಕ ಹೇಳೋರು" ಎಂದಳು ನನ್ನ ಕಡೆ ನೋಡಿ. ಎರಡು ತಿಂಗಳ ಮೇಲೆ ಆಡಿದ ಮೊದಲ ಸರಿಯಾದ ಮಾತು ಅದು.

ಗುಬ್ಬೀ, ನಾನು ಹಾಸಿಗೆ ಓದುವುದರಲ್ಲಿ ಎತ್ತಿದ ಕೈ ಎಂದುಕೊಂಡಿದ್ದೆ. ಒಬ್ಬರ ಭಾರಕ್ಕೆ ಹತ್ತಿ ಅಷ್ಟು ಆಳಕ್ಕೆ ಕೂರುವುದಿಲ್ಲ ಎಂಬುದು ನನಗೆ ಹೊಳೆಯಬೇಡವೇ?

ಈಗ ಕೇಳು. ನಿನ್ನೆ ಸಂಜೆಯೇ ಒಬ್ಬ ಫೋನ್ ಮಾಡಿದ. ಆ ವಿಡಿಯೋವನ್ನು ಹಂಚಿದ ದೊಡ್ಡ ಪೇಜಿನವನು. "ಸಾರ್, ಜನ ಮುಂದೇನಾಯ್ತು ಅಂತ ಕೇಳ್ತಾ ಇದ್ದಾರೆ. ಇನ್ನೊಂದು ಭಾಗ ಮಾಡಿ. ನಿಮ್ಮ ಅಂಗಡಿ ವಿಳಾಸ ದೊಡ್ಡದಾಗಿ ಹಾಕ್ತೀವಿ." ಮುಂದಿನ ಭಾಗ ನನ್ನ ಬಾಯಲ್ಲೇ ಇದೆ. ಅದನ್ನು ಹೇಳಿದರೆ ನನ್ನ ತಪ್ಪೂ ತಿದ್ದಿದಂತಾಗುತ್ತದೆ, ಅಳುವವರು ನಗುತ್ತಾರೆ, ಅಂಗಡಿಗೆ ಹೆಸರು ಬರುತ್ತದೆ. ಟೋಪಿ ಹೊಲಿದು ಮುಗಿದಿದೆಯಂತೆ.

ನೀನು ಇದನ್ನೇ ಓದಿದವಳು. ಏನು ಮಾಡಲಿ? ಈ ಸಲ ಪರೀಕ್ಷೆ ಅಲ್ಲ, ಕೇಳುತ್ತಿದ್ದೇನೆ.

ಮಾವ


೧೭ ಅಕ್ಟೋಬರ್

ಪ್ರೀತಿಯ ಮಾವ,

ನಿಜ ಹೇಳುತ್ತೇನೆ. ನಿಮ್ಮ ಕಾಗದ ಓದಿದ ಕೂಡಲೇ ನನ್ನ ಆಫೀಸಿನ ತಲೆ ಕೆಲಸ ಮಾಡಿತು. ಯಾವ ಹೊತ್ತಿಗೆ ಹಾಕಬೇಕು, ಮೊದಲ ಸಾಲು ಏನಿರಬೇಕು, ಎಷ್ಟು ಜನ ನೋಡಬಹುದು ಎಲ್ಲಾ ಹೊಳೆಯಿತು. ನನ್ನ ಮೇಲಿನವರಿಗೆ ಹೇಳಿದ್ದರೆ ಕುಣಿದಾಡುತ್ತಿದ್ದರು.

ಹಾಕಬೇಡಿ ಮಾವ.

ಅಂಗಡಿ ಉಳಿಯುತ್ತದೆ ಎಂದು ಮಾತು ಕೊಡಲು ನನಗೆ ಆಗುವುದಿಲ್ಲ. ಆ ಕಥೆ ನಿಮ್ಮದಲ್ಲ, ಅಷ್ಟೇ ನನಗೆ ಗೊತ್ತಿರುವುದು. ಹಾಸಿಗೆ ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ, ಅದನ್ನು ಮಾಡಿ ಕೊಡಿ. ನಿಮಗೆ ನಿಜವಾಗಿ ಬರುವುದು ಅದು.

ಕಾಗದ ಹರಿದುಹಾಕಿದೆ. ಹರಿಯುವ ಮೊದಲು ಇನ್ನೊಮ್ಮೆ ಓದಿದೆ. ಇಲ್ಲಿ ನಾನು ದೊಡ್ಡ ಹಾಸಿಗೆಯಲ್ಲಿ ಒಬ್ಬಳೇ ಮಲಗುತ್ತೇನೆ, ಪಕ್ಕದಲ್ಲಿ ಫೋನು. ಇವತ್ತು ಅದನ್ನು ಅಡುಗೆಮನೆಯಲ್ಲಿಟ್ಟು ಬಂದಿದ್ದೇನೆ.

ಗುಬ್ಬಿ


೪ ಡಿಸೆಂಬರ್

ಗುಬ್ಬೀ,

ನಿನ್ನ ಕಾಗದ ಬಂದ ದಿನವೇ ದೊಡ್ಡ ಪೇಜಿನವನಿಗೆ ಫೋನ್ ಮಾಡಿ ಮುಂದಿನ ಭಾಗ ಇಲ್ಲ ಎಂದೆ. "ಯಾಕೆ ಸಾರ್, ಏನೂ ಆಗಲೇ ಇಲ್ವಾ?" ಎಂದ. "ಹಾಸಿಗೆ ಹೊಲಿದು ಮುಗೀತು, ಅಷ್ಟೇ" ಎಂದೆ. ಅವನಿಗೆ ಬಹಳ ಬೇಜಾರಾಯಿತು. ನನಗೂ ಆಯಿತು, ನಿನಗೆ ಸುಳ್ಳು ಯಾಕೆ ಹೇಳಲಿ. ಮೂರು ದಿನ ನಾಲಿಗೆ ತುರಿಸುತ್ತಿತ್ತು.

ಹಾಸಿಗೆಯ ಕೆಲಸಕ್ಕೆ ನಾನೂ ನಿನ್ನ ಅತ್ತೆಯೂ ಇಬ್ಬರೇ ಕೂತೆವು. ಹತ್ತಿಯನ್ನು ಎರಡು ಸಲ ಹಿಂಜಿದೆ. ಹಳೆಯ ತೇಪೆಯನ್ನು ನಿನ್ನ ಅತ್ತೆ ಒಳಮೈಗೆ ಹೊಲಿದಳು, ಅವರಿಗೆ ಗೊತ್ತಿದ್ದರೆ ಸಾಕು ಎಂದಳು. ಆ ಒಂದು ಕಡೆಗೆ ಮಾತ್ರ ಒತ್ತೊತ್ತಾಗಿ, ಇಬ್ಬರ ಭಾರ ತಡೆಯುವಷ್ಟು ಗಟ್ಟಿಯಾಗಿ ತುಂಬಿದೆ. ಇನ್ನೊಂದು ಕಡೆ ದಿನಪತ್ರಿಕೆಗೆ ಎಷ್ಟು ಬೇಕೋ ಅಷ್ಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಸಮ. ಇಂಥ ಹಾಸಿಗೆಯನ್ನು ಈ ಭೂಮಿಯ ಮೇಲೆ ಬೇರೆ ಯಾರೂ ಮಾಡಿರಲಿಕ್ಕಿಲ್ಲ, ಇದು ಬಡಾಯಿ ಅಲ್ಲ. ಅಂಚೆ ಸಾರ್ ಬಂದು ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದು ಅವರ ಮನೆಯ ಬಾಗಿಲ ತನಕ ತಲುಪಿಸಿ, ಹೊಸ್ತಿಲು ದಾಟದೆ ಬಂದೆ.

ಒಂದು ವಾರ ಸದ್ದಿಲ್ಲ. ಟೈ ಟೋಪಿ ತಂದು ಕೊಟ್ಟು ಹೋದ. ಹಾಕಿ ನೋಡಿದೆ. ಸರಿಯಾಗಿ ಕೂತಿತು, ಅದೇ ಇನ್ನೂ ಸಂಕಟ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದೇನೆ, ಬಾಗಿಲಲ್ಲಿ ಹೆಡ್ ಮೇಡಂ. ಹಿಂದೆ ಅಂಚೆ ಸಾರ್.

"ತಲೆ ಮೇಲೆ ಏನದು?"

ತೆಗೆದು ಬೆನ್ನ ಹಿಂದೆ ಹಿಡಿದುಕೊಂಡೆ. "ಕುರಿ, ಮೇಡಂ."

"ಆ ಕಡೆ ಗಟ್ಟಿ ತುಂಬು ಅಂತ ನಿನಗೆ ಯಾರು ಹೇಳಿದ್ದು?"

ಅಂಚೆ ಸಾರ್ ಚಾವಣಿ ನೋಡುತ್ತಿದ್ದರು. "ಯಾರೂ ಇಲ್ಲ ಮೇಡಂ. ಮೊದಲು ತಪ್ಪು ಓದಿದ್ದೆ. ಇನ್ನೊಂದ್ಸಲ ಓದ್ದೆ" ಎಂದೆ.

ಏಕವಚನಕ್ಕೆ ವಾಪಸು ಬಂದಿದ್ದರು ಎಂಬುದು ಆಮೇಲೆ ಗಮನಕ್ಕೆ ಬಂತು. ಅವರು ಅಂಗಡಿಯನ್ನೆಲ್ಲ ಒಮ್ಮೆ ನೋಡಿದರು. ಖಾಲಿ ಹಲಗೆ, ಧೂಳು ಕೂತ ಯಂತ್ರ. "ಈ ವಿಷಯ ಎಷ್ಟು ಜನಕ್ಕೆ ಹೇಳಿದ್ದೀಯ?"

"ಒಬ್ಬಳಿಗೆ. ನಿಮ್ಮ ಹಳೇ ವಿದ್ಯಾರ್ಥಿನಿ. ಕಾಗದ ಹರಿದುಹಾಕಿದ್ದಾಳೆ."

"ಆ ಗುಬ್ಬಿನಾ? ಸರಿ" ಎಂದರು. ಆಮೇಲೆ, "ಫೋನು ತೆಗಿ. ಹಾಸಿಗೆ ಒಂದು ಹಾಸು. ನೀನು ಬಾಯಿ ತೆರೀಬೇಡ" ಎಂದರು.

ನಿನ್ನ ಅತ್ತೆ ಮಾದರಿಗೆಂದು ಇಟ್ಟಿದ್ದ ಹೊಸ ಹಾಸಿಗೆಯನ್ನು ಹಲಗೆಯ ಮೇಲೆ ಹಾಸಿದಳು. ಮೇಡಂ ಒಂದು ಮಗ್ಗುಲಿಗೆ ಕೂತು ಬಟ್ಟೆ ಸರಿಮಾಡಿಕೊಂಡರು. "ರೀ, ಬನ್ನಿ" ಎಂದರು. ಅಂಚೆ ಸಾರ್ ಬಂದು ಅವರ ಮೈಗೆ ಮೈ ತಾಗಿಸಿಕೊಂಡು ಕೂತರು. ಅಷ್ಟುದ್ದಗಲದ ಹಾಸಿಗೆ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಇಬ್ಬರಿಗೂ ಅದರ ಮೇಲೆ ಗಮನವೇ ಇಲ್ಲ.

ಮೇಡಂ ಫೋನನ್ನು ಮೂರನೇ ತರಗತಿಯ ಮಕ್ಕಳನ್ನು ನೋಡುವ ಹಾಗೆ ನೋಡಿ ಹೇಳಿದರು: "ಹಾಸಿಗೆ ಚೆನ್ನಾಗಿ ಮಾಡ್ತಾರೆ. ಅಂಗಡಿ ಎಲ್ಲರಿಗೂ ಗೊತ್ತಿದೆ. ಬೆಳಿಗ್ಗೆಯಿಂದ ತೆರೆದಿರುತ್ತೆ. ಕೇಳದೆ ಫೋಟೋ ತೆಗೆಯಲ್ಲ, ನಾನು ಹೇಳಿದ್ದೀನಿ." ಇಷ್ಟೇ. ನಾನು ಒಂದು ಅಕ್ಷರ ಸೇರಿಸದೆ, ಸಂಗೀತ ಹಾಕದೆ, ಹಾಗೇ ಹಾಕಿದೆ.

ದೂರದ ಫಾಲೋವರ್‌ಗಳಿಗೆ ಇದರಲ್ಲಿ ರುಚಿಯೇ ಇಲ್ಲ. ನೂರೈವತ್ತು ಜನ ಕೂಡ ನೋಡಲಿಲ್ಲ. ಆದರೆ ನೋಡಿದವರೆಲ್ಲ ಈ ನಾಲ್ಕು ಬೀದಿಯವರು. ಅವರು ಒಮ್ಮೆ ನೋಡಿದರು, ಆಮೇಲೆ ಇನ್ನೊಮ್ಮೆ ನೋಡಿದರು. ಯಾರೂ ಏನೂ ಬರೆಯಲಿಲ್ಲ. ಪಕ್ಕದ ಮನೆಯವರು ಮಾರನೇ ದಿನ ತಮ್ಮ ಮಡಚುವ ಮಂಚವನ್ನು ವಾಪಸು ತೆಗೆದುಕೊಂಡು ಹೋದರಂತೆ.

ಮೊದಲು ಬಂದವಳು ನರ್ಸಮ್ಮ, ಅದೇ ಚೀಲ, ಅದೇ ದಿಂಬು. ಆಮೇಲೆ ಕ್ಷೌರಿಕ, ಏನೂ ಆಗದವನ ಹಾಗೆ. ಈಗ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಈ ಕಾಗದವನ್ನು ಯಾರದೋ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ವಿಡಿಯೋ ಬೇಕಾ ಎಂದು ಎಲ್ಲರನ್ನೂ ಕೇಳುತ್ತೇನೆ. ಬೇಡ ಎಂದವರದ್ದು ಬೇಡ. ಬೇಕು ಎಂದವರದ್ದು ಬರೀ ಕೈ, ಬರೀ ಹತ್ತಿ. ಟೋಪಿಯನ್ನು ಟೈಗೆ ವಾಪಸು ಕೊಟ್ಟೆ. ಪಾಪ, ಒಳ್ಳೆಯವನು. ಅವನ ಅಜ್ಜಿಗೆ ಫೋಮ್ ಆಗಿಬರುವುದಿಲ್ಲವಂತೆ, ಸಂಜೆ ಹಿಂಬಾಗಿಲಿನಿಂದ ಒಂದು ದಿಂಬು ಒಯ್ದ. ಇದನ್ನು ಎಲ್ಲಿಯೂ ಹಾಕಿಲ್ಲ. ನೋಡು, ಎಷ್ಟು ಸುಧಾರಿಸಿದ್ದೇನೆ.

ಇದರ ಜೊತೆ ನಿನಗೊಂದು ಹಾಸಿಗೆ ಕಳಿಸುತ್ತಿದ್ದೇನೆ. ಒಬ್ಬರಿಗೆ ಬೇಕಾದಷ್ಟೇ ಅಗಲ. ಫೋನಿಗೆ ಜಾಗ ಇಟ್ಟಿಲ್ಲ. ಮುಂದೆ ಅಗಲ ಮಾಡಬೇಕಾದರೆ ಹೇಳು, ಯಾಕೆ ಎಂದು ಕೇಳುವುದಿಲ್ಲ.

ನಿನ್ನೆ ಎಲ್ಲರ ಕೆಲಸ ಮುಗಿಸಿ ಬಾಗಿಲು ಹಾಕುವಾಗ ನಿನ್ನ ಅತ್ತೆ, "ನಮ್ಮದನ್ನೂ ಮಾಡಿ, ಮದುವೆಯಾದಾಗಿನಿಂದ ಬಿಚ್ಚಿಲ್ಲ" ಎಂದು ನಮ್ಮ ಹಾಸಿಗೆಯನ್ನು ತಂದು ಹಲಗೆಯ ಮೇಲೆ ಹಾಕಿದಳು. ನಾನು ದೀಪದ ಕೆಳಗೆ ಅದನ್ನು ನೋಡುತ್ತಾ ಬಹಳ ಹೊತ್ತು ನಿಂತೆ. ಅವಳು ಪಕ್ಕದಲ್ಲಿ ನಿಂತು ನಾನು ನೋಡುವುದನ್ನು ನೋಡುತ್ತಿದ್ದಳು.

ಏನು ಕಂಡಿತು ಎಂದು ಬರೆಯುವುದಿಲ್ಲ.

ಮಾವ